ಪಾರ್ಕಿನ ಬೀಗ ಮೊದಲು ತೆಗೀರಿ

ಬೆಂಗಳೂರಿನ ಹಸಿರು ಉಳಿಸಬೇಕು ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಗಿಡ ನೆಡುವುದು. ಜೂನ್ 5 ಬಂತು ಅಂದರೆ ಸಸಿ, ಗುದ್ದಲಿ, ಫೋಟೊ. ನೆಡಲಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಪಾರ್ಕನ್ನು, ಒಂದು ಸಾಲುಮರವನ್ನು, ಒಂದು ಕೆರೆ ಏರಿಯನ್ನು ಕೊನೆಗೆ ಉಳಿಸುವುದು ದಿನಾ ಅಲ್ಲಿಗೆ ಹೋಗಿ ಬರುವ ಜನ. ಒಳಗೆ ಬಿಡದೇ ಇದ್ದರೆ ಅದನ್ನು ಕಾಯುವವರು ಯಾರು?

ಅದಕ್ಕೇ ನಾನು ಬೀಗದ ವಿಷಯದಿಂದ ಶುರು ಮಾಡುತ್ತೇನೆ. ತುಂಬಾ ವರ್ಷ ಇಲ್ಲಿನ ಬಡಾವಣೆ ಪಾರ್ಕುಗಳೆಲ್ಲ ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ತೆರೆದಿರುತ್ತಿದ್ದವು, ನಡುವೆ ಬೀಗ. ವಾಕಿಂಗ್ ಮಾಡುವವರಿಗೆ ಅದು ಸಾಕು. ಉಳಿದವರಿಗೆ? ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಮ್ಮ ಪಾರ್ಕಿನ ಹೊರಗೆ ನಿಂತು ನೋಡಿದೆ. ಗೇಟಿಗೆ ಸರಪಳಿ. ಒಳಗೆ ಮಳೆಮರದ ನೆರಳೆಲ್ಲ ಖಾಲಿ ಬೆಂಚುಗಳ ಮೇಲೆ. ಆ ಮರದ ಒಂದೇ ಒಂದು ಕೊಂಬೆ ಕಾಂಪೌಂಡ್ ದಾಟಿ ರಸ್ತೆಗೆ ಚಾಚಿಕೊಂಡಿದೆ, ಅದರ ಕೆಳಗೆ ಬಿದ್ದಷ್ಟು ನೆರಳಿನಲ್ಲೇ ಒಬ್ಬ ಡೆಲಿವರಿ ಹುಡುಗ ಬೈಕಿನ ಮೇಲೆ ಒರಗಿ ಕಣ್ಣು ಮುಚ್ಚಿದ್ದ, ಪಕ್ಕದಲ್ಲಿ ಹೂ ಮಾರುವ ಅಕ್ಕ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಚರಂಡಿಯ ಚಪ್ಪಡಿ ಮೇಲೆ ಊಟದ ಡಬ್ಬಿ ಬಿಚ್ಚಿದ್ದರು. ‘ಸಂಜೆ ಗೇಟು ತೆಗೀತಾರಲ್ಲ ಅಕ್ಕಾ, ಆಗ ಒಳಗೆ ಹೋಗಿ ಕೂತ್ಕೋಬಾರ್ದಾ?’ ಅಂದೆ. ‘ಸಂಜೆ ನಂಗೆ ವ್ಯಾಪಾರದ ಹೊತ್ತು ಕಣಮ್ಮ, ಕೂತ್ಕೊಳ್ಳೋಕೆ ಪುರುಸೊತ್ತು ಸಿಗೋದೇ ಈಗ’ ಅಂದರು.

2024ರಲ್ಲಿ ನಗರದ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ಪಾಲಿಕೆ ತೀರ್ಮಾನಿಸಿತು. ಒಳ್ಳೆಯ ಕೆಲಸ. ಆದರೂ ಮಧ್ಯಾಹ್ನ ಬೀಗ ಹಾಕಿದರೇ ವಾಸಿ ಅನ್ನುವ ನಿವಾಸಿಗಳು ಈಗಲೂ ಇದ್ದಾರೆ. ಕಾಲೇಜು ಜೋಡಿಗಳು ಬರ್ತಾರೆ, ಕುಡುಕರು ಬರ್ತಾರೆ, ಯಾರ್ಯಾರೋ ಬಂದು ಮಲಗ್ತಾರೆ ಅನ್ನುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಖಾಲಿ ಬಿದ್ದಿರುವ ಪಾರ್ಕಿಗಿಂತ ನಾಲ್ಕು ಜನ ಕೂತಿರುವ ಪಾರ್ಕಿನಲ್ಲೇ ಭಯ ಕಡಿಮೆ ಅಲ್ವಾ? ದೀಪ ಹಾಕಿಸಿ, ಕುಡಿಯುವ ನೀರು ಇಡಿಸಿ, ಶೌಚಾಲಯ ತೆರೆಸಿ. ಮಲಗಿದವನು ದಣಿದಿರುತ್ತಾನೆ, ಮಲಗಲಿ ಬಿಡಿ.

ಹಿಂದಿನವರಿಗೆ ಇದು ಗೊತ್ತಿತ್ತು. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಗುಂಡುತೋಪು ಇರುತ್ತಿತ್ತು. ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ. ದಾರಿಹೋಕರು ಅಲ್ಲಿ ಇಳಿದುಕೊಳ್ಳುತ್ತಿದ್ದರು, ದನ ಕಾಯುವವರು ನೆರಳಿಗೆ ಬರುತ್ತಿದ್ದರು, ಬಡವರ ಮನೆಯ ಒಲೆಗೆ ಉದುರಿದ ಸೌದೆ ಸಿಗುತ್ತಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ ಮತ್ತು ಸೀಮಾ ಮುಂಡೋಳಿ ಬೆಂಗಳೂರಿನ ಸುತ್ತಮುತ್ತಲಿನ ಇಂಥ ತೋಪುಗಳ ಬಗ್ಗೆ ಅಧ್ಯಯನ ಮಾಡಿದ್ದಾರೆ. ಎಷ್ಟೋ ಕಡೆ ತೋಪು ಈಗ ದಾಖಲೆಯಲ್ಲಿ ಮಾತ್ರ ಇದೆ, ಜಾಗದಲ್ಲಿ ಕಟ್ಟಡ ಎದ್ದಿದೆ. ಊರು ಬಡಾವಣೆಯಾಗಿ, ದನ ಹೋಗಿ, ಸೌದೆ ಒಲೆ ಹೋಗಿ, ತೋಪಿನ ಕಡೆ ತಲೆ ಹಾಕುವವರೇ ಇಲ್ಲವಾದ ಮೇಲೆ ಅದು ಕಣ್ಣಿಗೆ ‘ಖಾಲಿ ಜಾಗ’ ಅಂತ ಕಾಣತೊಡಗಿತು. ಖಾಲಿ ಜಾಗಕ್ಕೆ ಈ ಊರಿನಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ಇವತ್ತು ನಾವು ಸ್ಕೂಟರ್ ನಿಲ್ಲಿಸಲು ಹುಡುಕುವ ನೆರಳಲ್ಲಿ ಎಷ್ಟೋ ಪಾಲು ಅವರದೇ. ಆ ಕೆಲಸದಲ್ಲಿ ಬೀದಿಯ ಜನರನ್ನೂ ಜೊತೆಗೆ ಸೇರಿಸಿಕೊಂಡಿದ್ದರು. ಮನೆಯವರು ನನ್ನದು ಅಂದುಕೊಂಡ ಗಿಡಕ್ಕೆ ಬೇಸಿಗೆಯಲ್ಲಿ ಒಂದು ಬಿಂದಿಗೆ ನೀರು ತಪ್ಪುವುದಿಲ್ಲ.

ಕೆರೆಗಳದ್ದೂ ಇದೇ ಕತೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಕ್ಕಪಕ್ಕದವರು 2010ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡು ಕೈಗೆತ್ತಿಕೊಂಡರು. ಮಳೆನೀರು ಸಾಲದೇ ಬಂದಾಗ ಪಕ್ಕದ ಅಪಾರ್ಟ್‌ಮೆಂಟಿನಿಂದ ಶುದ್ಧೀಕರಿಸಿದ ನೀರು ತರಿಸುವವರೆಗೂ ಅವರು ಬಿಡಲಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆ ನನಗೆ ಇನ್ನೂ ಇಷ್ಟ. ಅಲ್ಲಿ ಕೆರೆ ಸರಿಮಾಡುವಾಗ ಹುಲ್ಲು ಕೊಯ್ಯಲು ಬರುತ್ತಿದ್ದವರನ್ನು ಹೊರಗೆ ಹಾಕಲಿಲ್ಲ. ಒಂದು ಕಡೆ ಜಾಗಿಂಗ್, ಇನ್ನೊಂದು ಕಡೆ ಮೇವಿನ ಹೊರೆ. ಕೆರೆಗೆ ಏನಾದರೂ ಆದರೆ ಇಬ್ಬರಿಗೂ ನೋವಾಗುತ್ತದೆ.

ಇನ್ನು ‘ಅಭಿವೃದ್ಧಿ’ ಅನ್ನುವ ಮಾತು ಕೇಳಿದರೆ ನನಗೆ ಎದೆ ಝಲ್ ಅನ್ನುತ್ತದೆ. ಪಾರ್ಕ್ ಅಭಿವೃದ್ಧಿ ಅಂದರೆ ಬಹಳ ಸಲ ಗ್ರಾನೈಟ್, ಪೇವರ್ ಟೈಲ್ಸ್, ಕಾರಂಜಿ, ದೊಡ್ಡ ಕಮಾನು. ಇದ್ದ ಮಣ್ಣೆಲ್ಲ ಮುಚ್ಚಿಹೋಗುತ್ತದೆ. 2021ರ ಫೆಬ್ರವರಿಯಲ್ಲಿ ತುರಹಳ್ಳಿ ಕಾಡಿನಲ್ಲಿ ‘ಟ್ರೀ ಪಾರ್ಕ್’ ಮಾಡಲು ಹೊರಟಾಗ ನೂರಾರು ಜನ ಬಂದು ನಿಂತರು. ಅದು ಕುರುಚಲು ಕಾಡು. ಬಂಡೆ, ಮುಳ್ಳುಗಿಡ, ಒಣಹುಲ್ಲು, ನವಿಲು. ನೋಡುವವರಿಗೆ ಬೀಳು ಅನ್ನಿಸಬಹುದು. ಆದರೆ ವಾರವಾರ ಅಲ್ಲಿ ಸೈಕಲ್ ಹೊಡೆಯುವವರಿಗೆ, ಬಂಡೆ ಹತ್ತುವವರಿಗೆ, ಹಕ್ಕಿ ನೋಡುವವರಿಗೆ ಅಲ್ಲಿ ಏನಿದೆ ಅಂತ ಗೊತ್ತಿತ್ತು. ಅದಕ್ಕೇ ಬಂದರು, ಯೋಜನೆ ನಿಂತಿತು. ಅದಕ್ಕೂ ಮುಂಚೆ, 2016ರಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರ ಹೋಗುತ್ತವೆ ಅಂದಾಗ ‘ಸ್ಟೀಲ್ ಫ್ಲೈಓವರ್ ಬೇಡ’ ಅಂತ ರಸ್ತೆ ಬದಿ ಮಾನವ ಸರಪಳಿ ಕಟ್ಟಿದ್ದೂ ದಿನಾ ಆ ಮರಗಳ ಕೆಳಗೆ ಓಡಾಡುವ ಜನವೇ. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ಸುಮ್ನೆ ಜನ ಸೇರಿದರೆ ಸಾಲದು, ಕಾಗದವೂ ಕೈಯಲ್ಲಿರಬೇಕು. ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ನಗರದಲ್ಲಿ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಮೊದಲೇ ನೋಟಿಸ್ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು, ಅದಕ್ಕೆ ಕನಿಷ್ಠ 10 ದಿನ ಸಮಯ ಕೊಡಬೇಕು. ಗರಗಸದ ಸದ್ದು ಕೇಳಿದಾಗ ಜಗಳಕ್ಕೆ ನಿಲ್ಲಬೇಡಿ, ‘ಆರ್ಡರ್ ಕಾಪಿ ತೋರಿಸಿ’ ಅಂತ ಕೇಳಿ. ಯಾವ ಮರ, ಎಷ್ಟು ಮರ, ಕಡಿಯುವುದೋ ಕೊಂಬೆ ಸವರುವುದೋ ಅನ್ನುವುದನ್ನು ಅದರಲ್ಲಿ ಓದಿ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳಿಗೆ 1985ರ ಬೇರೆ ಕಾಯ್ದೆಯೇ ಇದೆ. ನಿಮ್ಮ ಬಡಾವಣೆಯ ಮಂಜೂರಾದ ಲೇಔಟ್ ಪ್ಲ್ಯಾನ್ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಸಿಗದಿದ್ದರೆ ಆರ್‌ಟಿಐ ಅರ್ಜಿ ಹಾಕಿ. ಪಾರ್ಕಿನ ಗಡಿ ಎಲ್ಲಿದೆ ಅಂತ ಜಗಳ ಬರುವ ಮುಂಚೆಯೇ ಗೊತ್ತಿರಬೇಕು. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಬೇರೆ ಏನೂ ಆಗದಿದ್ದರೂ ಮರದ ಬುಡ ನೋಡಿ. ಫುಟ್‌ಪಾತ್ ಕೆಲಸದವರು ಕಾಂಕ್ರೀಟನ್ನು ಕಾಂಡಕ್ಕೇ ತಾಗಿಸಿ ಸುರಿದುಬಿಡುತ್ತಾರೆ. ನೀರೂ ಇಳಿಯುವುದಿಲ್ಲ, ಬೇರಿಗೆ ಗಾಳಿಯೂ ಸಿಗುವುದಿಲ್ಲ, ಕಾಂಡ ದಪ್ಪಗಾಗುತ್ತಾ ಸಿಮೆಂಟಿಗೆ ಒತ್ತಿಕೊಂಡು ಸೀಳುತ್ತದೆ. ಮರದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟ್ ತೆಗೆಯಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಪ್ರಕರಣವೊಂದರಲ್ಲಿ ಹೇಳಿದೆ. ನಮ್ಮ ಬೀದಿಯಲ್ಲಿ ಒಂದು ಹೊಂಗೆಮರದ ಬುಡ ಬಿಡಿಸಿದ್ದೆವು, ಪಾಲಿಕೆಗೆ ತಿಳಿಸಿಯೇ. ಹಾರೆ ಹಾಕಿ ಚಪ್ಪಡಿ ಎಬ್ಬಿಸಿದರೆ ಕೆಳಗಿನ ಮಣ್ಣು ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಒಂದು ಎರೆಹುಳವೂ ಇರಲಿಲ್ಲ. ನಿಧಾನಕ್ಕೆ, ಬೇರಿಗೆ ತಾಗದ ಹಾಗೆ ಮೇಲ್ಮಣ್ಣು ಸಡಿಲ ಮಾಡಿ, ಪಾತಿ ಕಟ್ಟಿ, ಮೇಲೆ ದಪ್ಪಗೆ ತರಗೆಲೆ ಹರಡಿದೆವು. ಮೊದಲ ಮಳೆಗೆ ನೀರು ಅಲ್ಲೇ ಇಂಗಿತು, ರಸ್ತೆಗೆ ಹರಿಯಲಿಲ್ಲ.

ತರಗೆಲೆ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ. ದಯವಿಟ್ಟು ಸುಡಬೇಡಿ. ಪಾರ್ಕಿನ ಮೂಲೆಯಲ್ಲಿ ತಂತಿ ಬಲೆಯನ್ನು ದುಂಡಗೆ ಸುತ್ತಿ ನಿಲ್ಲಿಸಿ, ಎಲೆ ತುಂಬಿ ತುಳಿಯಿರಿ, ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ, ವಾರಕ್ಕೊಮ್ಮೆ ನೆನೆಸಿ. ಬಲೆ ತುಂಬಿದ್ದ ಎಲೆ ಕೆಲವೇ ವಾರಕ್ಕೆ ಅರ್ಧಕ್ಕೆ ಇಳಿದಿರುತ್ತದೆ, ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರ. ನಮ್ಮಲ್ಲಿ ಇದನ್ನು ನಡೆಸುತ್ತಿರುವವರು ಮಾಲಿ ಮತ್ತು ಗುಡಿಸುವ ಅಕ್ಕಂದಿರು. ಯಾವ ಮರದ ಎಲೆ ಬೇಗ ಕೊಳೆಯುತ್ತದೆ, ಯಾವುದು ಬೇಗ ಕೊಳೆಯುವುದಿಲ್ಲ ಅಂತ ಅವರಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ನಿವಾಸಿಗಳ ಸಂಘದ ಮೀಟಿಂಗಿಗೆ ಅವರನ್ನೂ ಕರೆಯಿರಿ. ಅದೂ ಅವರ ಕೆಲಸ ಮುಗಿಯುವ ಹೊತ್ತಿಗೆ, ಕುರ್ಚಿ ಹಾಕಿ.

ನಮ್ಮ ಕಳೆದ ಮೀಟಿಂಗಿನಲ್ಲಿ ನೇರಳೆ ಗಿಡ ಹಾಕಬೇಕೋ ಬೇಡವೋ ಅಂತ ಜೋರು ಚರ್ಚೆ ಆಯಿತು. ಹಣ್ಣು ಉದುರಿ ಕಾರುಗಳ ಮೇಲೆ ಕಲೆ ಆಗುತ್ತದೆ ಅನ್ನುವುದು ಕೆಲವರ ಆಕ್ಷೇಪ. ಹಕ್ಕಿಗೂ ಮಕ್ಕಳಿಗೂ ಹಣ್ಣು ಬೇಡವಾ ಅನ್ನುವುದು ಉಳಿದವರ ಪ್ರಶ್ನೆ. ‘ರಸ್ತೆ ಕಡೆ ಬೇಡ ಬಿಡಿ ಸಾರ್, ಜೋಕಾಲಿ ಹಿಂದೆ ಹಾಕಣ, ಅಲ್ಲಿ ನೀರೂ ನಿಲ್ತದೆ’ ಅಂದವರು ಮಾಲಿ. ಎಲ್ಲರೂ ಒಪ್ಪಿದರು. ಗುಂಡಿ ತೆಗೆದಾಗಿದೆ, ಮಳೆ ಹಿಡಿದ ವಾರ ನೆಡುತ್ತೇವೆ.