ಮುತ್ಯಾನನ್ನು ನಡೆಸಿ ನೋಡಿ, ಆಮೇಲೆ ಅಂಕ ಹಾಕಿ

ಕಲಬುರಗಿಯ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಅಡ್ಮಿಟ್ ಆದವರು ಬೀಳುವ ಅಪಾಯ ಎಷ್ಟಿದೆ ಅಂತ ಅಳೆಯಲು ನಾವು ಬಳಸುವುದು ಮೋರ್ಸ್ ಸ್ಕೇಲ್. ಆರು ಪ್ರಶ್ನೆ, ಒಟ್ಟು 125 ಅಂಕ. ಹಿಂದೆ ಬಿದ್ದಿದ್ದರೆ 25, ಎರಡನೇ ಕಾಯಿಲೆ ಇದ್ದರೆ 15, ಸಲೈನ್ ಅಥವಾ ಬರೀ ಕ್ಯಾನುಲಾ (ಸಲೈನ್ ಕೊಡಲು ರಕ್ತನಾಳಕ್ಕೆ ಹಾಕಿಟ್ಟ ಸಣ್ಣ ಕೊಳವೆ) ಇದ್ದರೂ 20, ತನ್ನಿಂದ ಏನಾಗದು ಅನ್ನುವುದನ್ನೇ ಮರೆಯುವವರಿಗೆ 15. ಇವನ್ನು ಕೇಸ್ ಶೀಟ್ ನೋಡಿ, ನಾಲ್ಕು ಮಾತಾಡಿಸಿ ತುಂಬಬಹುದು. ನಡಿಗೆಗೆ 20ರವರೆಗೆ, ಆಸರೆಗೆ 30ರವರೆಗೆ ಇದೆಯಲ್ಲ, ಅದು ರೋಗಿ ಎದ್ದು ನಡೆಯದೆ ತಿಳಿಯುವುದಿಲ್ಲ. ಅವಸರದಲ್ಲಿ ಮಲಗಿದವರನ್ನು ಕೇಳಿಯೇ ಬರೆದುಬಿಡುವುದೂ ಇವೆರಡನ್ನೇ.

ಬೇಸಿಗೆಯಲ್ಲಿ ಸೇಡಂ ಕಡೆಯ ಮುತ್ಯಾ (ಅಜ್ಜ) ಒಬ್ಬರು ಬಂದರು. ನ್ಯುಮೋನಿಯಾ, ಜೊತೆಗೆ ಶುಗರ್, ಕೈಗೆ ಸಲೈನ್. ಹೊಸ ಸಿಸ್ಟರ್ 35 ಹಾಕಿದ್ದಳು. ನಮ್ಮಲ್ಲಿ 45 ಮುಟ್ಟಿದರೆ ಹೆಚ್ಚಿನ ಅಪಾಯ.

"ಅಪ್ಪ ಚೊಲೋ ಅಡ್ಡಾಡ್ತಾನ್ರಿ ಸಿಸ್ಟರ್, ದಿನಾ ಹೊಲಕ್ಕ ಹೋಗಿ ಬರ್ತಾನ" ಅಂದ ಮಗ.

"ಮುತ್ಯಾ, ಜರಾ ಬಾತ್‌ರೂಮ್ ತನಕ ಹೋಗಿ ಬರೂಣ ಬರ್ರಿ" ಅಂದೆ.

"ನಾ ಏನ್ ಸಣ್ಣ ಕೂಸೇನವ್ವಾ?" ಅನ್ನುತ್ತಲೇ ಎದ್ದರು. ಮಂಚದ ಕಂಬಿ ಹಿಡಿದರು, ಅಲ್ಲಿಂದ ಲಾಕರ್, ಅಲ್ಲಿಂದ ಪಕ್ಕದ ಮಂಚ. ಮುಂದೆ ಏನೂ ಸಿಗದೆ ಸಲೈನ್ ಸ್ಟ್ಯಾಂಡಿಗೆ ಕೈ ಹಾಕಿದರು. ಅದಕ್ಕೋ ಗಾಲಿ! ನಾನು ರಟ್ಟೆ ಹಿಡಿದೇ ಇದ್ದೆ. ಬಾಗಿದ ಬೆನ್ನು, ಸಣ್ಣ ಹೆಜ್ಜೆ, ಆದರೂ ತಲೆ ಎತ್ತಿ ನೋಡುತ್ತಿದ್ದರು. ಹಾಗಾಗಿ ನಡಿಗೆಗೆ 10, ಸಿಕ್ಕಿದ್ದನ್ನು ಹಿಡಿದು ನಡೆದದ್ದಕ್ಕೆ 30. ಒಟ್ಟು 75 ಆಯಿತು. ಮಗ ಹೇಳಿದ್ದೂ ಸುಳ್ಳಲ್ಲ, ಅವನು ನೋಡಿದ್ದು ಜ್ವರ ಬರುವ ಮೊದಲಿನ ಅಪ್ಪನನ್ನು.

ಈ ಸ್ಕೇಲ್ ಮಾತ್ರೆಗಳ ಬಗ್ಗೆ ಏನೂ ಕೇಳುವುದಿಲ್ಲ. ಅದನ್ನು ನಾವೇ ನೋಡಬೇಕು. ನಿದ್ದೆ ಗುಳಿಗೆ, ಬಿಪಿ ಗುಳಿಗೆ, ಸಂಜೆ ಕೊಟ್ಟು ರಾತ್ರಿಯೆಲ್ಲ ಮೂತ್ರಕ್ಕೆ ಎಬ್ಬಿಸುವ ಲ್ಯಾಸಿಕ್ಸ್. ಹೊತ್ತು ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಇಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ರೋಗಿಗಳು ಮೈಯಲ್ಲಿ ನೀರು ಕಡಿಮೆಯಾಗಿಯೇ ಬರುತ್ತಾರೆ. ಮಲಗಿದಾಗ ಒಮ್ಮೆ, ನಿಂತು 3 ನಿಮಿಷದೊಳಗೆ ಒಮ್ಮೆ ಬಿಪಿ ನೋಡಿ. ನಿಂತಾಗ ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ತಿಳಿಸಬೇಕು. ಇನ್ನು ಮಂಚದ ಕಂಬಿಯೆಲ್ಲ ಎತ್ತಿ ಕೂಡಿಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಗಲಿಬಿಲಿಯಲ್ಲಿರುವವರು ಅದನ್ನೇ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ.

ರಾತ್ರಿ ಮುತ್ಯಾನ ಜೊತೆಗಿರಲು ಬಂದದ್ದು ಇನ್ನೊಬ್ಬ ಮಗ, ಅವನಿಗೆ ಎಲ್ಲ ಮೊದಲಿಂದ ಹೇಳಬೇಕಾಯಿತು. ಬಾತ್‌ರೂಮಿನ ದಾರಿಯಲ್ಲಿ ಚಾದರ ಹಾಸಬೇಡ, ಕೂಲರಿನ ನೀರು ಸೋರಿದರೆ ಹೇಳು, ಅಪ್ಪ ಎದ್ದರೆ ಮೊದಲು ಕಾಲು ಇಳಿಬಿಟ್ಟು ಕೂಡಿಸು. ಬೆಳಗಿನ ಶಿಫ್ಟಿನವರಿಗೆ 75 ಅಂತಷ್ಟೇ ಅಲ್ಲ, ಏನೇನು ಹಿಡಿದು ನಡೆದರು ಅನ್ನುವುದನ್ನೂ ಹೇಳಿ ಹೊರಟೆ.