ಕಳಪೆ ಅಂತ ಗೊತ್ತಿದ್ದೂ ಇಸೆಕಾಯಿ ಯಾಕೆ ನೋಡ್ತೀರಿ?

ಒಳ್ಳೊಳ್ಳೆ ಅನಿಮೆ (ಜಪಾನಿನ ಕಾರ್ಟೂನ್ ಧಾರಾವಾಹಿ) ರಾಶಿ ಬಿದ್ದಿರುವಾಗ ಈ ಕಸ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಮುಂದೇನಾಗುತ್ತೆ ಅಂತ ಮೊದಲೇ ಗೊತ್ತಿರುತ್ತಲ್ಲ, ಅದಕ್ಕೇ.

ಇಸೆಕಾಯಿ ಅಂದರೆ ಜಪಾನಿಯಲ್ಲಿ 'ಬೇರೆ ಲೋಕ' (ತರಕಾರಿಯಲ್ಲ). ಹುಡುಗ ಲಾರಿಗೆ ಸಿಕ್ಕಿ ಸಾಯ್ತಾನೆ, ಮಾಯಾಲೋಕದಲ್ಲಿ ಕಣ್ಣು ಬಿಡ್ತಾನೆ, ಎಲ್ಲರಿಗಿಂತ ಬಲಶಾಲಿಯಾಗಿರ್ತಾನೆ. ಆ ಲಾರಿಗೆ ಅಭಿಮಾನಿಗಳು 'ಟ್ರಕ್-ಕುನ್' ಅಂತ ಹೆಸರೇ ಇಟ್ಟಿದ್ದಾರೆ. 2017ರ 'ಇನ್ ಅನದರ್ ವರ್ಲ್ಡ್ ವಿತ್ ಮೈ ಸ್ಮಾರ್ಟ್‌ಫೋನ್'ನಲ್ಲಿ ಲಾರಿಯೂ ಇಲ್ಲ. ದೇವರ ಕೈತಪ್ಪಿ ಬಿದ್ದ ಸಿಡಿಲಿಗೆ ನಾಯಕ ತೋಯಾ ಸಾಯ್ತಾನೆ. ದೇವರು ಕ್ಷಮೆ ಕೇಳಿದರೆ ಇವನು ಬೇಡೋದು ತನ್ನ ಫೋನು! ಸತ್ತೆನಲ್ಲಾ ಅನ್ನೋ ದುಃಖ ಹೆಸರಿಗೂ ಇಲ್ಲ. ದಿನವಿಡೀ ತಲೆ ಕೆಟ್ಟವರಿಗೆ ಇಷ್ಟು ನಿಶ್ಚಿಂತೆಯ ನಾಯಕ ಇನ್ನೆಲ್ಲಿ ಸಿಗ್ತಾನೆ?

ಇಂಥ ಕಥೆಗಳಲ್ಲಿ ಬಹಳಷ್ಟು ಹುಟ್ಟಿದ್ದು 2004ರಲ್ಲಿ ಶುರುವಾದ 'ಶೋಸೆತ್ಸುಕಾ ನಿ ನಾರೋ' ತಾಣದಲ್ಲಿ. ಯಾರು ಬೇಕಾದರೂ ಅಲ್ಲಿ ಕಂತು ಕಂತಾಗಿ ಬರೀಬಹುದು. ಓದುಗ ಜಾರಿಹೋಗದಿರಲು ಕಂತಿಗೊಂದು ಗೆಲುವು ಕೊಡಲೇಬೇಕು. ಹೆಸರಾದದ್ದು ಪುಸ್ತಕವಾಗುತ್ತೆ, ಆಮೇಲೆ ಅನಿಮೆ. ಆ ಅನಿಮೆ ಹೆಚ್ಚಾಗಿ ಪುಸ್ತಕದ ಜಾಹೀರಾತು. 12 ಕಂತಿಗೆ ಕಥೆ ನಡುದಾರೀಲಿ ನಿಲ್ಲೋದು ಅದಕ್ಕೇ.

ನಿಜವಾದ ಮಜಾ ಇರೋದು ಚಿತ್ರ ಬಿಡಿಸೋ ಕೆಲಸದಲ್ಲಿ ಉಳಿತಾಯ ಎಲ್ಲೆಲ್ಲಿ ಮಾಡಿದ್ದಾರೆ ಅಂತ ಪತ್ತೆ ಹಚ್ಚೋದರಲ್ಲಿ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸಿದರೆ ಎಂಟೇ ಚಿತ್ರ ಸಾಕು. ಮಾತಾಡುವಾಗ ಮುಖ ಕಲ್ಲು, ತುಟಿ ಮಾತ್ರ ಮುಚ್ಚು, ಅರೆ, ತೆರೆ ಅಂತ ಮೂರು ಆಕಾರದಲ್ಲಿ ಆಡುತ್ತೆ. ಕತ್ತಿವರಸೆ ಬಂದರೆ ಕಪ್ಪು ಪರದೆಯ ಮೇಲೊಂದು ಬಿಳಿ ಗೀರು, ಮುಂದಿನ ಶಾಟ್‌ನಲ್ಲಿ ರಾಕ್ಷಸ ಎರಡು ತುಂಡು. ಸಂತೆಯ ಜನ ಅಂದರೆ ಒಂದೇ ನಿಶ್ಚಲ ಚಿತ್ರ, ಕ್ಯಾಮೆರಾ ಜರುಗುತ್ತೆ, ಗದ್ದಲ ಮಾತ್ರ ಕೇಳುತ್ತೆ. ಕುದುರೆಯ ನಾಲ್ಕು ಕಾಲಿನ ನಡಿಗೆ ಬಿಡಿಸೋದು ಎಂಥವರಿಗೂ ಕಷ್ಟ, ಹಾಗಾಗಿ ಕಂಪ್ಯೂಟರ್ ಕುದುರೆ ಬರುತ್ತೆ. ಅದರ ಗೊರಸು ನೆಲ ಮುಟ್ಟೋದೇ ಇಲ್ಲ. ಮೊದಲ ಕಂತು ಚೆನ್ನಾಗಿಯೇ ಇರುತ್ತೆ. ತಯಾರಿಕೆಯ ವೇಳಾಪಟ್ಟಿ ಕುಸಿದಾಗ, ಸಾಮಾನ್ಯವಾಗಿ ಆರರಿಂದ ಒಂಬತ್ತನೇ ಕಂತಿನೊಳಗೆ, ದೂರದ ಶಾಟ್‌ಗಳಲ್ಲಿ ಕಣ್ಣು ಒಂದು ಮೇಲೆ ಒಂದು ಕೆಳಗೆ.

ಆರಿಸೋದು ಹೇಗೆ? ಮೊದಲ ಕಂತು ನೋಡಿ ಸೀದಾ ಎಂಟನೆಯದಕ್ಕೆ ಹೋಗಿ. ಮುಖ ಸೊಟ್ಟಗಾಗಿದ್ದು, ನಾಯಕ ಇನ್ನೂ ಗಂಭೀರವಾಗಿ ಭಾಷಣ ಬಿಗೀತಿದ್ದರೆ ಬಿಡಬೇಡಿ. ಬರೀ ಸಪ್ಪೆ ಇದ್ದರೆ ಬಿಟ್ಟುಬಿಡಿ, ಸಪ್ಪೆಯಲ್ಲಿ ಮಜಾ ಇಲ್ಲ. ನಾಯಕ ಗುಲಾಮ ಹುಡುಗಿಯನ್ನು ಕೊಂಡು 'ಉದ್ಧಾರ' ಮಾಡೋ ಕಥೆಯಾದರೆ ಅಲ್ಲೇ ಮುಚ್ಚಿ. ಅದಕ್ಕೆ ಕಳಪೆ ಅನ್ನೋದು ಸಣ್ಣ ಮಾತಾಯ್ತು.