ಅಳಿಸಿದ ಸೆಲ್ ಮೆಮೊರಿಯಲ್ಲಿ ಉಳಿದಿತ್ತು

ಕೋರಮಂಗಲದ ಒಂದು ಆಫೀಸಿನಲ್ಲಿ ನನ್ನದು ಡೇಟಾ ಕೆಲಸ. ಹೊಸ ಸಿಎಸ್‌ವಿ ಫೈಲ್ (ಸಾಲು, ಕಾಲಂಗಳ ಸಾದಾ ಪಟ್ಟಿ) ಬಂದರೆ ಕೋಡ್ ಬರೆಯುವ ವಿಎಸ್ ಕೋಡ್‌ನಲ್ಲೇ ಬಿಚ್ಚಿ ನೋಡುತ್ತೇನೆ. ಮಾಮೂಲಿ ಪೈಥಾನ್ ಫೈಲ್‌ನಲ್ಲಿ # %% ಅಂತ ಒಂದು ಸಾಲು ಹಾಕಿದರೆ ಅಲ್ಲಿಂದ ಒಂದು ಸೆಲ್, ಅಂದರೆ ಬೇರೆಯಾಗಿ ಓಡಿಸಬಹುದಾದ ಕೋಡ್ ತುಂಡು, ಶುರು. ಶಿಫ್ಟ್ ಎಂಟರ್ ಒತ್ತಿದರೆ ಅಷ್ಟೇ ಓಡುತ್ತದೆ, ಪಕ್ಕದಲ್ಲಿ ಟೇಬಲ್ಲೋ ಗ್ರಾಫೋ ಬರುತ್ತದೆ. ಇದಕ್ಕೆ ವಿಎಸ್ ಕೋಡ್‌ಗೆ ಜುಪಿಟರ್ ಎಕ್ಸ್‌ಟೆನ್ಶನ್ ಹಾಕಿಕೊಂಡಿರಬೇಕು. ದೊಡ್ಡ ಫೈಲನ್ನು ಒಮ್ಮೆ ಓದಿಸಿದರೆ ಅದು ಮೆಮೊರಿಯಲ್ಲೇ ಕೂತಿರುತ್ತದೆ. ಪ್ರತಿ ಸಣ್ಣ ಪ್ರಶ್ನೆಗೂ ಮೊದಲಿಂದ ಓಡಿಸಬೇಕಿಲ್ಲ.

ಇಂಥದ್ದೇ ಸೆಲ್‌ಗಳಿರುವ ಜುಪಿಟರ್ ನೋಟ್‌ಬುಕ್‌ಗಿಂತ ನನಗೆ ಇದೇ ಇಷ್ಟ. ನೋಟ್‌ಬುಕ್ ಫೈಲ್‌ನಲ್ಲಿ ಕೋಡ್ ಜೊತೆ ಔಟ್‌ಪುಟ್ಟೂ ಸೇವ್ ಆಗುತ್ತದೆ. ಗ್ರಾಹಕರ ಫೋನ್ ನಂಬರ್ ಇರುವ ಹತ್ತು ಸಾಲು ತೆಗೆದು ನೋಡಿ, ಮರೆತು ಗಿಟ್‌ಗೆ (ತಂಡದವರೆಲ್ಲ ಕೋಡ್ ಹಂಚಿಕೊಳ್ಳುವ ಜಾಗಕ್ಕೆ) ಹಾಕಿದರೆ ನಂಬರೂ ಜೊತೆಗೆ ಹೋಯ್ತು.

ಆದರೆ ಈ ಮೆಮೊರಿಯಿಂದಲೇ ಕಳೆದ ವರ್ಷ ನಾನು ಪೆಟ್ಟು ತಿಂದೆ. ಡೆಲಿವರಿ ಫೈಲ್‌ನ ಪಿನ್‌ಕೋಡ್ ಕಾಲಂನಲ್ಲಿ ಕೆಲವು ಜಾಗ ಖಾಲಿ ಇದ್ದವು. ಹಾಗಿದ್ದರೆ ಪ್ಯಾಂಡಾಸ್ (ಟೇಬಲ್ ಡೇಟಾ ಓದುವ ಪೈಥಾನ್ ಲೈಬ್ರರಿ) ಇಡೀ ಕಾಲಂ ಅನ್ನು ದಶಮಾಂಶ ಸಂಖ್ಯೆ ಮಾಡಿಬಿಡುತ್ತದೆ. ಮಲ್ಲೇಶ್ವರದ 560003 ಹೋಗಿ 560003.0 ಆಗುತ್ತದೆ. ಅದನ್ನು ಟೆಕ್ಸ್ಟ್‌ಗೆ ಬದಲಿಸಿದೆ, ಆ .0 ಬಾಲವೂ ಅಂಟಿಕೊಂಡೇ ಬಂತು. ಕೆಳಗೆ ಇನ್ನೊಂದು ಸೆಲ್ ಬರೆದು ಬಾಲ ಕತ್ತರಿಸಿದೆ. ಏರಿಯಾ ಪಟ್ಟಿಯ ಜೊತೆ ಜೋಡಿಸಿದಾಗ ಎಲ್ಲವೂ ಸರಿಯಾಗಿ ಕೂತವು.

ಸಂಜೆ ಫೈಲ್ ಚೊಕ್ಕ ಮಾಡುವಾಗ ಆ ಸೆಲ್ ಸುಮ್ನೆ ಪ್ರಯೋಗಕ್ಕೆ ಬರೆದದ್ದು ಅಂದುಕೊಂಡು ಅಳಿಸಿದೆ. ಆಮೇಲೂ ಉಳಿದ ಸೆಲ್‌ಗಳು ಚೆನ್ನಾಗೇ ಓಡಿದವು. ಬಾಲ ಕತ್ತರಿಸಿದ ಡೇಟಾ ಮೆಮೊರಿಯಲ್ಲಿ ಹಾಗೇ ಇತ್ತಲ್ಲ!

ಮರುದಿನ, ಆ ಫೈಲನ್ನು ತನ್ನ ಕಡೆ ಮೊದಲಿಂದ ಓಡಿಸಿದ್ದ ಜೂನಿಯರ್ ಹುಡುಗ ಬಂದ. "ಮೇಡಂ, ಎರರ್ ಏನೂ ಇಲ್ಲ. ಆದ್ರೆ ಏರಿಯಾ ಕಾಲಂ ಪೂರ್ತಿ ಖಾಲಿ ಬರ್ತಿದೆ."

ಎರರ್ ಬಂದಿದ್ದರೆ ಎಷ್ಟೋ ವಾಸಿ. ಎರಡು ಕಡೆಯೂ ಟೆಕ್ಸ್ಟೇ ಇದ್ದದ್ದರಿಂದ ಪ್ಯಾಂಡಾಸ್ ತಕರಾರು ಮಾಡಲಿಲ್ಲ. ಬಾಲವಿದ್ದ ಪಿನ್‌ಕೋಡ್‌ಗೆ ಏರಿಯಾ ಪಟ್ಟಿಯಲ್ಲಿ ಹೊಂದುವ ಸಾಲು ಸಿಗಲಿಲ್ಲ, ಖಾಲಿ ಬಿಟ್ಟಿತು. ಅವನ ಅರ್ಧ ದಿನ ಇದರಲ್ಲೇ ಹೋಗಿತ್ತು. ಅದು ನನಗೆ ತುಂಬಾ ಬೇಜಾರು ಮಾಡಿತು. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ, ತಪ್ಪು ತನ್ನದೇ ಅಂದುಕೊಂಡು ಕೂತಿದ್ದ.

ಈಗ ಪಿನ್‌ಕೋಡನ್ನು ಓದಿಸುವಾಗಲೇ ಟೆಕ್ಸ್ಟ್ ಅಂತ ಹೇಳಿಬಿಡುತ್ತೇನೆ. ಬಾಲ ಹುಟ್ಟುವುದೇ ಇಲ್ಲ. ಗಿಟ್‌ಗೆ ಹಾಕುವ ಮೊದಲು ಕರ್ನಲ್ (ಕೋಡ್ ಓಡಿಸುವ, ಡೇಟಾ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡಿ, ಮೇಲಿಂದ ಕೆಳಗಿನವರೆಗೆ ಒಂದು ಸಲ ಓಡಿಸುತ್ತೇನೆ. ದೊಡ್ಡ ಫೈಲ್ ಆದರೆ ಆರೇಳು ನಿಮಿಷ ಹಿಡಿಯುತ್ತದೆ. ಬಸ್ ತಪ್ಪಿದರೂ ಕಾಯುತ್ತೇನೆ. ಹೋದ ವಾರ ಹಾಗೆ ಕಾಯುತ್ತಿದ್ದಾಗ ಕೊನೆಯ ಸೆಲ್‌ನಲ್ಲಿ ಎರರ್ ಬಂತು. ಮಧ್ಯಾಹ್ನ ಒಂದು ವೇರಿಯಬಲ್‌ನ ಹೆಸರು ಬದಲಿಸಿದ್ದೆ, ಅಲ್ಲಿ ಹಳೇ ಹೆಸರೇ ಉಳಿದಿತ್ತು.